‘ಪರಿಸರಸ್ನೇಹಿ ಹೋಂಸ್ಟೇ’ ಎಂಬ ಹಸಿರು ಎಲೆಯ ಗುರುತು: ಎಷ್ಟು ನಂಬಬಹುದು?

“ಶಹಾಪುರದ ಮಲಗಿದ ಬುದ್ಧನ ಬೆಟ್ಟ ಕಾಣುವ ಕೋಣೆ. ನೂರಕ್ಕೆ ನೂರು ಪರಿಸರಸ್ನೇಹಿ. ಸರ್ಟಿಫೈಡ್ ಗ್ರೀನ್ ಹೋಂಸ್ಟೇ. ಇಂದೇ ಅಡ್ವಾನ್ಸ್ ಕಳುಹಿಸಿ.” ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಹಸಿರು ಎಲೆಯ ಚಿತ್ರವೂ ಇದೆ. ಈ ಎಲೆಯನ್ನು ಕೊಟ್ಟವರು ಯಾರು? ಏನನ್ನು ನೋಡಿ ಕೊಟ್ಟರು?

ಚುಟುಕಾಗಿ ಹೇಳುವುದಾದರೆ: ಹೊರಗಿನವರು ಸ್ಥಳಕ್ಕೆ ಬಂದು ಪರಿಶೀಲಿಸಿ, ಅವಧಿ ನಮೂದಿಸಿ ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆ ಇದೆ. ಮಾಲೀಕರೇ ಬರೆದುಕೊಂಡ ‘ಗ್ರೀನ್’ ಎಂಬ ಪದಕ್ಕೆ ಜಾಹೀರಾತಿನಷ್ಟೇ ಬೆಲೆ.

ಟವೆಲ್ಲಿನಿಂದ ಶುರುವಾದ ಅನುಮಾನ

ಪರಿಸರದ ಹೆಸರಿನಲ್ಲಿ ಮಾಡುವ ತೋರಿಕೆಗೆ ‘ಗ್ರೀನ್‌ವಾಷಿಂಗ್’ ಎಂಬ ಹೆಸರಿದೆ. ಈ ಪದ ಹುಟ್ಟಿದ್ದೇ ಹೋಟೆಲ್ ಕೋಣೆಯಿಂದ. ‘ಭೂಮಿಯನ್ನು ಉಳಿಸಲು ಟವೆಲನ್ನು ಮತ್ತೆ ಬಳಸಿ’ ಎಂದು ಹೋಟೆಲುಗಳು ಚೀಟಿ ಇಡುತ್ತಿದ್ದವು. ಇದರಿಂದ ಹೋಟೆಲಿನ ಲಾಂಡ್ರಿ ಖರ್ಚು ಉಳಿಯುತ್ತದೆ, ಉಳಿದ ವಿಷಯಗಳಲ್ಲಿ ಪರಿಸರದ ಕಾಳಜಿ ಕಾಣುವುದಿಲ್ಲ ಎಂದು ಅಮೆರಿಕದ ಜೇ ವೆಸ್ಟರ್‌ವೆಲ್ಡ್ 1986ರಲ್ಲಿ ಟೀಕಿಸಿದರು. ಆ ಟೀಕೆಯಲ್ಲೇ ಈ ಪದ ಮೊದಲು ಬಳಕೆಯಾಯಿತು ಎನ್ನಲಾಗುತ್ತದೆ.

ಸುಮಾರು ನಾಲ್ಕು ದಶಕಗಳ ನಂತರವೂ ಸಮಸ್ಯೆ ಉಳಿದಿದೆ. ಬುಕಿಂಗ್ ಡಾಟ್ ಕಾಮ್ 2021ರಲ್ಲಿ ‘ಟ್ರಾವೆಲ್ ಸಸ್ಟೇನಬಲ್’ ಎಂಬ ಗುರುತನ್ನು ತಂದಿತು. ಮಾಲೀಕರು ತಮ್ಮ ಕ್ರಮಗಳ ಬಗ್ಗೆ ತಾವೇ ಕೊಡುವ ಮಾಹಿತಿಯ ಮೇಲೆ ಅವರಿಗೆ ಹಸಿರು ಎಲೆಗಳು ಸಿಗುತ್ತಿದ್ದವು. ಇದು ಗ್ರಾಹಕರನ್ನು ದಾರಿ ತಪ್ಪಿಸಬಹುದು ಎಂದು ನೆದರ್‌ಲೆಂಡ್ಸ್‌ನ ಗ್ರಾಹಕ ಪ್ರಾಧಿಕಾರ ಹೇಳಿದ ಮೇಲೆ, 2024ರ ಮಾರ್ಚಿನಲ್ಲಿ ಕಂಪನಿ ಆ ಗುರುತನ್ನು ಕೈಬಿಟ್ಟಿತು. ಈಗ ಅಲ್ಲಿ ಹೊರಗಿನ ಸಂಸ್ಥೆ ಕೊಟ್ಟ ಪ್ರಮಾಣಪತ್ರ ಇದ್ದರೆ ಅದನ್ನು ತೋರಿಸುತ್ತಾರೆ.

ಹಾಗಾದರೆ ನಿಜವಾದ ಪ್ರಮಾಣಪತ್ರ ಯಾವುದು?

ವಿಶ್ವಮಟ್ಟದಲ್ಲಿ ಜಾಗತಿಕ ಸುಸ್ಥಿರ ಪ್ರವಾಸೋದ್ಯಮ ಮಂಡಳಿ (ಜಿಎಸ್‌ಟಿಸಿ) ಮಾನದಂಡಗಳನ್ನು ರೂಪಿಸುತ್ತದೆ. ಗಮನಿಸಿ, ಈ ಮಂಡಳಿ ಹೋಟೆಲು, ಹೋಂಸ್ಟೇಗಳಿಗೆ ನೇರವಾಗಿ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ. ‘ಜಿಎಸ್‌ಟಿಸಿಯೇ ನಮಗೆ ಸರ್ಟಿಫಿಕೇಟ್ ಕೊಟ್ಟಿದೆ’ ಎಂದು ಯಾರಾದರೂ ಬರೆದುಕೊಂಡಿದ್ದರೆ ಅಲ್ಲೇ ಅನುಮಾನಿಸಬಹುದು. 1994ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ‘ಗ್ರೀನ್ ಕೀ’ ಇನ್ನೊಂದು ಹೆಸರಾಂತ ಗುರುತು. ಭಾರತದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2014ರಲ್ಲಿ ಸುಸ್ಥಿರ ಪ್ರವಾಸೋದ್ಯಮದ ಮಾನದಂಡಗಳನ್ನು ಹೊರತಂದಿದೆ.

ಜನ ಹೆಚ್ಚಾಗಿ ಗೊಂದಲಕ್ಕೆ ಬೀಳುವುದು ಇನ್ನು ಮೂರು ಕಡೆ:

• ಸಚಿವಾಲಯ ಹೋಂಸ್ಟೇಗಳಿಗೆ ಕೊಡುವ ಸಿಲ್ವರ್, ಗೋಲ್ಡ್ ದರ್ಜೆಗಳು ಮುಖ್ಯವಾಗಿ ಕೋಣೆ, ಸ್ವಚ್ಛತೆ, ಸೌಲಭ್ಯಗಳಿಗೆ ಸಂಬಂಧಿಸಿದವು. ಅವು ಪರಿಸರದ ಪ್ರಮಾಣಪತ್ರಗಳಲ್ಲ.
• 1991ರಲ್ಲಿ ಬಂದ, ಮಣ್ಣಿನ ಮಡಕೆಯ ಚಿತ್ರವಿರುವ ‘ಇಕೋಮಾರ್ಕ್’ ಸಾಬೂನು, ಕಾಗದದಂಥ ವಸ್ತುಗಳಿಗೆ ಸಿಗುವ ಗುರುತು. ಅದು ತಂಗುವ ಮನೆಗಲ್ಲ.
• ಫ್ಯಾನು, ಎಸಿ, ಫ್ರಿಜ್ಜುಗಳ ಮೇಲಿನ ಸ್ಟಾರ್ ಲೇಬಲ್ ಆ ಯಂತ್ರದ ವಿದ್ಯುತ್ ಉಳಿತಾಯವನ್ನಷ್ಟೇ ಹೇಳುತ್ತದೆ.

ಕಾಯಂ ಪರವಾನಗಿ ಇದೆಯೇ ಎಂಬುದೂ ಬೇರೆಯದೇ ಪ್ರಶ್ನೆ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿದ್ದ ಅನಧಿಕೃತ ರೆಸಾರ್ಟು, ಹೋಟೆಲುಗಳನ್ನು ತೆರವು ಮಾಡುವ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮರುತಿಂಗಳೇ ಕಟ್ಟಡಗಳು ನೆಲಸಮವಾದವು. ಅನುಮತಿಯೇ ಇಲ್ಲದ ಕಟ್ಟಡವನ್ನು ಯಾವ ಹಸಿರು ಎಲೆಯೂ ಉಳಿಸುವುದಿಲ್ಲ.

ನಮ್ಮ ಯಾದಗಿರಿಯಲ್ಲಿ ಮೊದಲ ಪ್ರಶ್ನೆ ನೀರು

ಯಾದಗಿರಿಯ ಕೋಟೆ, ಶಹಾಪುರದ ಬೆಟ್ಟ, ಸುರಪುರದ ಟೇಲರ್ ಮಂಜಿಲ್, ಬೋನಾಳದ ಪಕ್ಷಿಧಾಮ, ನಾರಾಯಣಪುರದ ಬಸವಸಾಗರ ಜಲಾಶಯ: ನೋಡಲು ಬರುವವರಿಗೆ ಇಲ್ಲಿ ಬೇಕಾದಷ್ಟಿದೆ. ಜನ ಬಂದಂತೆ ತಂಗುವ ಕೋಣೆಗಳೂ ಹೆಚ್ಚುತ್ತವೆ. ಇಲ್ಲಿ ಪರಿಸರಸ್ನೇಹಿ ಎಂದರೇನು?

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಕೂಡ ಪತ್ತೆಯಾಗಿತ್ತು. ಇಂಥ ಕಡೆ ಒಂದು ರೆಸಾರ್ಟು ಬೋರ್‌ವೆಲ್ಲಿನಿಂದ ಈಜುಕೊಳ ತುಂಬಿಸಿ, ಬಾಗಿಲಲ್ಲಿ ನಾಲ್ಕು ಬಿದಿರಿನ ಕಂಬ ನಿಲ್ಲಿಸಿ ‘ಇಕೋ’ ಎಂದರೆ ಅದನ್ನು ಒಪ್ಪಲಾದೀತೆ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಶೌಚಗುಂಡಿ ಬಾವಿಯಿಂದ ದೂರವಿದೆಯೇ, ಕಸವನ್ನು ಸುಡುತ್ತಾರೆಯೇ, ಊರಿನವರಿಗೆ ಕೆಲಸ ಸಿಕ್ಕಿದೆಯೇ ಎಂಬುದನ್ನು ನೋಡದ ಪ್ರಮಾಣಪತ್ರದಿಂದ ನಮ್ಮ ಊರಿಗೆ ಪ್ರಯೋಜನ ಕಡಿಮೆ.

ಹಾಗೆಯೇ, ದಪ್ಪ ಕಲ್ಲುಗೋಡೆಯ ಹಳೆಯ ಮಾಳಿಗೆ ಮನೆ ಯಾವ ಲೇಬಲ್ಲೂ ಇಲ್ಲದೆ ತಂಪಾಗಿರುತ್ತದೆ, ಎಸಿಯ ಬಳಕೆಯನ್ನು ತಗ್ಗಿಸುತ್ತದೆ. ಪ್ರಮಾಣಪತ್ರದ ಶುಲ್ಕ ಕಟ್ಟಲಾಗದ ಸಣ್ಣ ಮನೆಯೊಂದು ದೊಡ್ಡ ರೆಸಾರ್ಟಿಗಿಂತ ಕಡಿಮೆ ನೀರು, ಕರೆಂಟು ಬಳಸಬಹುದು. ಲೇಬಲ್ ಇಲ್ಲ ಎಂದ ಮಾತ್ರಕ್ಕೆ ಅಂಥ ಮನೆಯನ್ನು ದೂರವಿಡಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಗ್ರೀನ್‌ವಾಷಿಂಗ್ ತಡೆಗೆ ಮಾರ್ಗಸೂಚಿ ಹೊರಡಿಸಿದೆ. ‘ಗ್ರೀನ್’, ‘ಪರಿಸರಸ್ನೇಹಿ’ ಎಂಬಂಥ ಪದಗಳನ್ನು ವಿವರಣೆ ಮತ್ತು ಆಧಾರವಿಲ್ಲದೆ ಬಳಸುವಂತಿಲ್ಲ. ಇದು ವಸ್ತುಗಳಿಗಷ್ಟೇ ಅಲ್ಲ, ಸೇವೆಗಳಿಗೂ ಅನ್ವಯಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬುಕ್ ಮಾಡುವ ಮುನ್ನ, ಫಾರ್ವರ್ಡ್ ಮಾಡುವ ಮುನ್ನ

1. ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು ಕೇಳಿ. ಹೆಸರು ಹೇಳದಿದ್ದರೆ ಅದನ್ನು ಬರೀ ಚಿತ್ರವೆಂದೇ ತಿಳಿಯಿರಿ.
2. ಆ ಸಂಸ್ಥೆಯ ವೆಬ್‌ಸೈಟನ್ನು ನೀವೇ ಹುಡುಕಿ, ಅಲ್ಲಿ ಹೋಂಸ್ಟೇ ಹೆಸರಿದೆಯೇ ನೋಡಿ. ಸಂದೇಶದಲ್ಲಿರುವ ಲಿಂಕ್ ಒತ್ತಬೇಡಿ.
3. ಅವಧಿ ಮುಗಿದಿದೆಯೇ, ವಿಳಾಸ ಅದೇ ಕಟ್ಟಡದ್ದೇ ಎಂದು ಪರೀಕ್ಷಿಸಿ.
4. ಯಾರಾದರೂ ಸ್ಥಳಕ್ಕೆ ಬಂದು ನೋಡಿದ್ದರೇ ಎಂದು ವಿಚಾರಿಸಿ.
5. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅದನ್ನು ಸರಿಯಾಗಿ ನಿಭಾಯಿಸುವ ಮಾಲೀಕರಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆ.

ನೀವೇ ಹೋಂಸ್ಟೇ ತೆರೆಯುವವರಾಗಿದ್ದರೆ ಮೊದಲು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಸ್ಥಳೀಯ ಸಂಸ್ಥೆಯ ಅನುಮತಿ ಪಡೆಯಿರಿ. ಆಮೇಲೆ ಮಳೆನೀರು ಸಂಗ್ರಹ, ಬಚ್ಚಲ ನೀರಿನ ಮರುಬಳಕೆ, ಕಸ ವಿಂಗಡಣೆಗೆ ಹಣ ಹಾಕಿ. ಪ್ರಮಾಣಪತ್ರ ಕೊನೆಗೆ ಬರಲಿ. ‘ಮೂರೇ ದಿನದಲ್ಲಿ ಗ್ರೀನ್ ಸರ್ಟಿಫಿಕೇಟ್, ಯಾರೂ ಬಂದು ನೋಡುವುದಿಲ್ಲ’ ಎಂದು ಯಾರಾದರೂ ಫೋನ್ ಮಾಡಿದರೆ ಹಣ ಕಳುಹಿಸಬೇಡಿ. ಯಾರೂ ನೋಡದೆ ಕೊಟ್ಟ ಕಾಗದ ಅತಿಥಿಗಳಿಗೂ ಪ್ರಯೋಜನವಿಲ್ಲ, ನಿಮ್ಮ ಬೋರ್‌ವೆಲ್ಲಿಗೂ ಇಲ್ಲ.