ಮಾರ್ಚ್‌ನ ಮರುಭೂಮಿಯಲ್ಲಿ ಬಿಸಿಲಿಲ್ಲ, ಹಾಗಾಗಿ ಭಯವಿಲ್ಲ: ಈ ಮಾತು ಎಷ್ಟು ನಿಜ?

ಮಾರ್ಚ್ ಹತ್ತಿರ ಬಂತೆಂದರೆ ಕ್ಯಾಲಿಫೋರ್ನಿಯಾದಲ್ಲಿರುವ ಅನೇಕ ಕುಟುಂಬಗಳು ಮರುಭೂಮಿಯ ಕಡೆ ಹೊರಡಲು ಸಿದ್ಧವಾಗುತ್ತವೆ. ಅವುಗಳಲ್ಲಿ ಕನ್ನಡದ ಮನೆಗಳೂ ಇವೆ. ಮಕ್ಕಳಿಗೆ ರಜೆ, ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಮಳೆ ಚೆನ್ನಾಗಿ ಬಿದ್ದ ವರ್ಷವಾದರೆ ಬಂಜರು ನೆಲದ ತುಂಬ ಹೂವು. ಕಾರಿನ ಹಿಂದೆ ಒಂದು ಪುಟ್ಟ ಟ್ರೇಲರ್ ಕಟ್ಟಿಕೊಂಡು ಡೆತ್ ವ್ಯಾಲಿ, ಜೋಶುವಾ ಟ್ರೀ ಅಥವಾ ಆ್ಯಂಜಾ-ಬೊರೇಗೊ ಕಡೆ ಹೋಗಿ ಎರಡು ಮೂರು ರಾತ್ರಿ ಕಳೆದು ಬರುವ ಆಸೆ ಸಹಜ.

ಜೊತೆಗೆ ಸಲಹೆಗಳೂ ಫೋನಿಗೆ ಬಂದು ಬೀಳುತ್ತವೆ. 'ಕಳ್ಳಿ ಕತ್ತರಿಸಿದರೆ ಕುಡಿಯುವ ನೀರು ಸಿಗುತ್ತದೆ', 'ಬಿಸಿಲಿನ ದಾರಿಯಲ್ಲಿ ಟೈರಿನ ಗಾಳಿ ಕಡಿಮೆ ಮಾಡಿ', 'ಸಿಗ್ನಲ್ ಇಲ್ಲದಿದ್ದರೂ ತುರ್ತು ಕರೆ ಹೋಗುತ್ತದೆ'. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಮನೆಯಲ್ಲಿ ಕೂತು ಓದುವಾಗ ನಷ್ಟವೇನೂ ಇಲ್ಲ. ಹತ್ತಿರದ ಊರು 80 ಕಿಲೋಮೀಟರ್ ದೂರ ಇರುವ ಜಾಗದಲ್ಲಿ ನಂಬಿದರೆ ಜೀವಕ್ಕೇ ಕುತ್ತು. ಒಂದೊಂದಾಗಿ ನೋಡೋಣ.

ಹೇಳಿಕೆ 1: ಮರುಭೂಮಿ ಎಂದರೆ ಸೆಕೆ, ಸ್ವೆಟರ್ ಬೇಡ

ಡೆತ್ ವ್ಯಾಲಿಯ ಹೆಸರು ಕೇಳಿದರೆ ನೆನಪಾಗುವುದು 1913ರ ಜುಲೈ 10ರಂದು ಫರ್ನೇಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್. ಆದರೆ ಅದೇ ಜಾಗದಲ್ಲಿ ಮಾರ್ಚ್ ತಿಂಗಳ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 28 ಡಿಗ್ರಿ, ರಾತ್ರಿಯದು ಸುಮಾರು 13. ನಮ್ಮ ಮೈಸೂರಿನ ಹಿತವಾದ ದಿನದಂತೆಯೇ ಕೇಳಿಸುತ್ತದೆ, ಅಲ್ಲವೆ? ಇದು ಕಣಿವೆಯ ತಳದ ಲೆಕ್ಕ ಮಾತ್ರ. ಅಲ್ಲಿನ ಬ್ಯಾಡ್‌ವಾಟರ್ ಎಂಬ ಜಾಗ ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅಲ್ಲಿ ನಿಂತು ಪಶ್ಚಿಮಕ್ಕೆ ತಲೆ ಎತ್ತಿದರೆ ಕಾಣುವ ಟೆಲಿಸ್ಕೋಪ್ ಶಿಖರ 3,300 ಮೀಟರ್‌ಗೂ ಎತ್ತರ, ಮಾರ್ಚ್‌ನಲ್ಲಿ ಅದರ ತಲೆಯ ಮೇಲೆ ಹಿಮ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಜೋಶುವಾ ಟ್ರೀಯ ಹಲವು ಶಿಬಿರತಾಣಗಳು ಸಾವಿರ ಮೀಟರ್‌ಗಿಂತ ಮೇಲಿವೆ. ಅಲ್ಲಿ ಮಾರ್ಚ್ ರಾತ್ರಿ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಬಂದರೆ ಆಶ್ಚರ್ಯವಿಲ್ಲ.

ಹಗಲು ಬೆವರಿಸಿದ ನೆಲ ರಾತ್ರಿ ಯಾಕೆ ನಡುಗಿಸುತ್ತದೆ? ಗಾಳಿಯಲ್ಲಿರುವ ನೀರಾವಿ ಭೂಮಿಗೆ ಕಂಬಳಿ ಇದ್ದಂತೆ. ನೆಲ ಹೊರಬಿಡುವ ಶಾಖವನ್ನು ಅದು ಹಿಡಿದಿಡುತ್ತದೆ. ಮಂಗಳೂರಿನ ರಾತ್ರಿ ತಣ್ಣಗಾಗದಿರಲು ಇದೇ ಮುಖ್ಯ ಕಾರಣ. ಮರುಭೂಮಿಯ ಗಾಳಿಯಲ್ಲಿ ಈ ಕಂಬಳಿ ತೀರ ತೆಳು, ಮೋಡವೂ ಇಲ್ಲ. ಸೂರ್ಯ ಮುಳುಗಿದ ಕೂಡಲೇ ಶಾಖ ನೇರ ಆಕಾಶಕ್ಕೆ ಹೊರಟುಬಿಡುತ್ತದೆ. ಒಂದೇ ದಿನದಲ್ಲಿ 15ರಿಂದ 20 ಡಿಗ್ರಿ ವ್ಯತ್ಯಾಸ ಅಲ್ಲಿ ಸಾಮಾನ್ಯ. ಟ್ರೇಲರ್‌ನ ತೆಳು ಗೋಡೆ ಇದನ್ನು ತಡೆಯುವುದಿಲ್ಲ. ಆದ್ದರಿಂದ ಟೋಪಿ, ಸ್ವೆಟರ್, ದಪ್ಪ ಹೊದಿಕೆ ಬೇಕೇ ಬೇಕು, ವಯಸ್ಸಾದವರು ಜೊತೆಗಿದ್ದರೆ ಇನ್ನೂ ಹೆಚ್ಚು.

ಹೇಳಿಕೆ 2: ಚಳಿಯಾದರೆ ಟ್ರೇಲರ್ ಒಳಗೆ ಸ್ಟೌವ್ ಹಚ್ಚಿಡಿ, ಕಿಟಕಿ ಸ್ವಲ್ಪ ತೆರೆದಿದ್ದರೆ ಸಾಕು

ಇದು ಎಲ್ಲಕ್ಕಿಂತ ಅಪಾಯಕಾರಿ ಸಲಹೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲೇ ಇಲ್ಲ ಎಂಬ ಸುದ್ದಿಯನ್ನು ಚಳಿಗಾಲದಲ್ಲಿ ನಾವೂ ಓದುತ್ತೇವೆ. ಅಲ್ಲಿ ಆಗಿದ್ದೇ ಇಲ್ಲೂ ಆಗುತ್ತದೆ. ಗ್ಯಾಸ್ ಅಥವಾ ಇದ್ದಿಲು ಸಾಕಷ್ಟು ಗಾಳಿ ಸಿಗದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬರಬಹುದು. ನಿದ್ದೆಯಲ್ಲಿರುವವರಿಗೆ ಏನೂ ತಿಳಿಯುವುದಿಲ್ಲ.

ಪುಟ್ಟ ಟ್ರೇಲರ್‌ನಲ್ಲಿ ಗಾಳಿಯ ಪ್ರಮಾಣವೇ ಕಡಿಮೆ, ಹಾಗಾಗಿ ವಿಷ ಬೇಗ ಸೇರುತ್ತದೆ. ಅಡುಗೆಯ ಸ್ಟೌವ್, ಇದ್ದಿಲ ಒಲೆ, ಜನರೇಟರ್ ಯಾವುದನ್ನೂ ಮಲಗುವ ಜಾಗ ಬೆಚ್ಚಗಿಡಲು ಬಳಸಬಾರದು. ಹೊರಗಿನಿಂದಲೇ ಗಾಳಿ ಎಳೆದು ಹೊಗೆಯನ್ನು ಹೊರಗೇ ಬಿಡುವ, ಟ್ರೇಲರ್‌ನಲ್ಲೇ ಅಳವಡಿಸಿದ ಹೀಟರ್ ಬೇರೆ ಮಾತು. ಅದಿದ್ದರೂ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿ ನೋಡಿಯೇ ಹೊರಡಿ.

ಹೇಳಿಕೆ 3: ನೀರು ಮುಗಿದರೆ ಕಳ್ಳಿ ಇದೆಯಲ್ಲ

ಸಿನಿಮಾದಲ್ಲಿ ನಾಯಕ ಕಳ್ಳಿಯನ್ನು ಸೀಳಿ ನೀರು ಕುಡಿಯುತ್ತಾನೆ. ನಿಜವಾದ ಕಳ್ಳಿಯೊಳಗೆ ಕೊಡದಂತೆ ನೀರು ತುಂಬಿರುವುದಿಲ್ಲ, ಲೋಳೆಯಂಥ ತಿರುಳು ಇರುತ್ತದೆ. ಹೆಚ್ಚಿನ ಜಾತಿಗಳ ತಿರುಳಿನಲ್ಲಿ ಆಮ್ಲಗಳೂ ಕಹಿ ರಾಸಾಯನಿಕಗಳೂ ಇವೆ. ಬಾಯಾರಿದವರು ಅದನ್ನು ತಿಂದರೆ ವಾಂತಿ, ಭೇದಿ ಆಗಿ ದೇಹದಲ್ಲಿದ್ದ ನೀರೂ ಹೋಗುತ್ತದೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಗಿಡ ಕಡಿಯುವುದು ಅಪರಾಧ ಕೂಡ.

'ಇದ್ದ ನೀರನ್ನು ಗುಟುಕು ಗುಟುಕಾಗಿ ಉಳಿಸಿ' ಎಂಬ ಇನ್ನೊಂದು ಮಾತಿದೆ. ಬಾಟಲಿಯಲ್ಲಿ ಉಳಿದ ನೀರಿನಿಂದ ಮೆದುಳಿಗೆ ಉಪಯೋಗವಿಲ್ಲ. ಬಾಯಾರಿದಾಗ ಕುಡಿಯಿರಿ, ಉಳಿಸಬೇಕಾದ್ದು ಬೆವರನ್ನು. ನೆರಳಿನಲ್ಲಿ ಕೂತು, ಬಿಸಿಲಿನ ಹೊತ್ತು ಓಡಾಟ ಕಡಿಮೆ ಮಾಡಿ. ಒಣ ಗಾಳಿಯಲ್ಲಿ ಬೆವರು ಮೂಡಿದ ಕ್ಷಣದಲ್ಲೇ ಆರುತ್ತದೆ. ಹಾಗಾಗಿ 'ಬೆವರೇ ಬರಲಿಲ್ಲ' ಎನಿಸಿದರೂ ನೀರು ಹೋಗುತ್ತಲೇ ಇರುತ್ತದೆ. ಉಪ್ಪಿನ ಅಂಶವೂ ಬೇಕು. ಚಿತ್ರಾನ್ನ, ಉಪ್ಪು ಹಾಕಿದ ಮಜ್ಜಿಗೆ, ಕುರುಕಲು ತಿಂಡಿ ಇದಕ್ಕೆ ಒಳ್ಳೆಯವೇ. ಬಿಪಿ ಅಥವಾ ಹೃದಯದ ಮಾತ್ರೆ ತೆಗೆದುಕೊಳ್ಳುವ ಹಿರಿಯರು ನೀರು, ಉಪ್ಪು ಎಷ್ಟು ಎಂಬುದನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಂಡರೆ ಒಳಿತು.

ಎಷ್ಟು ನೀರು ಬೇಕು? ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್ ಎಂಬುದು ಅಲ್ಲಿನ ಸಾಮಾನ್ಯ ಲೆಕ್ಕ. ನಾಲ್ವರು ಮೂರು ದಿನ ಇದ್ದರೆ 48 ಲೀಟರ್. ಪಾತ್ರೆ, ಕೈಕಾಲು ತೊಳೆಯಲು, ಗಾಡಿ ಕೆಟ್ಟರೆ ಒಂದು ದಿನ ಹೆಚ್ಚಿಗೆ ಇರಲು ಎಂದು ಸೇರಿಸಿದರೆ 80 ಲೀಟರ್ ದಾಟುತ್ತದೆ. ಫರ್ನೇಸ್ ಕ್ರೀಕ್‌ನಂಥ ಶಿಬಿರತಾಣದಲ್ಲಿ ನಲ್ಲಿ ಇದೆ. ಬಯಲು ಸರ್ಕಾರಿ ಜಮೀನಿನಲ್ಲಿ ಉಚಿತವಾಗಿ ತಂಗುವವರಿಗೆ ಏನೂ ಇಲ್ಲ, ಎಲ್ಲವನ್ನೂ ಹೊತ್ತೊಯ್ಯಬೇಕು.

ಹೇಳಿಕೆ 4: ಪುಟ್ಟ ಟ್ರೇಲರ್ ತಾನೆ, ಹೇಗೆ ತುಂಬಿದರೂ ನಡೆಯುತ್ತದೆ

ಇಲ್ಲೇ ನೀರಿನ ಲೆಕ್ಕ ತೂಕದ ಲೆಕ್ಕವಾಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. 80 ಲೀಟರ್ ಎಂದರೆ ಇನ್ನೊಬ್ಬ ದೊಡ್ಡ ಮನುಷ್ಯ ಹತ್ತಿ ಕೂತಂತೆ. ಪುಟ್ಟ ಟ್ರೇಲರ್ ಹೊರಬಹುದಾದ ಸಾಮಾನಿನ ತೂಕ ಸೀಮಿತ. ಅದನ್ನು ಟ್ರೇಲರ್‌ಗೆ ಅಂಟಿಸಿದ ಪಟ್ಟಿಯಲ್ಲಿ ಬರೆದಿರುತ್ತಾರೆ.

ತೂಕ ಎಷ್ಟು ಎಂಬುದರಷ್ಟೇ ಮುಖ್ಯ, ಅದನ್ನು ಎಲ್ಲಿ ಇಡುತ್ತೀರಿ ಎಂಬುದು. 'ಭಾರ ಹಿಂದೆ ಹಾಕಿ, ಕಾರಿಗೆ ಹಗುರವಾಗುತ್ತದೆ' ಎನ್ನುವವರಿದ್ದಾರೆ. ಎತ್ತಿನ ಗಾಡಿ ಹೂಡಿದವರನ್ನು ಕೇಳಿ ನೋಡಿ: ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಗಾಡಿ ಹತೋಟಿಗೆ ಸಿಗುವುದಿಲ್ಲ. ಟ್ರೇಲರ್‌ಗೂ ಅದೇ ನಿಯಮ. ಅದರ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು. 900 ಕಿಲೋ ಟ್ರೇಲರ್ ಆದರೆ 90ರಿಂದ 135 ಕಿಲೋ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ. ಓಲಾಟ ಶುರುವಾದರೆ ಗಾಬರಿಯಿಂದ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಗಾಡಿಯ ವೇಗಮಿತಿ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್.

ಇನ್ನು ಟೈರು. 'ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಸ್ವಲ್ಪ ಗಾಳಿ ಬಿಡಿ' ಎಂಬ ಸಂದೇಶ ನಮ್ಮಲ್ಲೂ ಪ್ರತಿ ಬೇಸಿಗೆಯಲ್ಲಿ ಸುತ್ತುತ್ತದೆ. ಗಾಳಿ ಹಿಗ್ಗುವುದು ನಿಜ, ಆದರೆ ತಯಾರಕರು ಸೂಚಿಸುವ ಒತ್ತಡದಲ್ಲಿ ಆ ಲೆಕ್ಕವೂ ಸೇರಿದೆ. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿ, ತನ್ನಷ್ಟಕ್ಕೇ ಕಾಯುತ್ತದೆ. ಸಿಡಿಯುವುದು ಹೆಚ್ಚಾಗಿ ಹೀಗೆ. ಬೆಳಗ್ಗೆ ಟೈರ್ ತಣ್ಣಗಿರುವಾಗ ಅಳೆದು, ಸೂಚಿಸಿದಷ್ಟೇ ಗಾಳಿ ಇರಲಿ. ಮರಳಿನಲ್ಲಿ ಹೂತ ಗಾಡಿ ಹೊರತೆಗೆಯಲು ಗಾಳಿ ಬಿಡುವುದುಂಟು. ಆದರೆ ಡಾಂಬರು ರಸ್ತೆಗೆ ಬಂದ ಕೂಡಲೇ ತುಂಬಿಸಬೇಕು.

ದಾರಿಯನ್ನೂ ಮೊದಲೇ ನೋಡಿಕೊಳ್ಳಿ. ಡೆತ್ ವ್ಯಾಲಿಯ ಆರ್ಟಿಸ್ಟ್ಸ್ ಡ್ರೈವ್, ಡಾಂಟೆಸ್ ವ್ಯೂ ರಸ್ತೆಗಳಲ್ಲಿ 25 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವಿಲ್ಲ. ಕಾರು, ಟ್ರೇಲರ್ ಎರಡೂ ಸೇರಿದರೆ ಈ ಮಿತಿ ದಾಟುತ್ತದೆ. ಟ್ರೇಲರ್ ಅನ್ನು ಶಿಬಿರದಲ್ಲೇ ಬಿಟ್ಟು ಹೋಗಿ.

ಹೇಳಿಕೆ 5: ಮಳೆಯೇ ಇಲ್ಲದ ಜಾಗ, ಒಣಹಳ್ಳದ ಮರಳಿನ ಮೇಲೆ ಹಾಯಾಗಿ ಮಲಗಬಹುದು

ಒಣಹಳ್ಳ ಸಮತಟ್ಟಾಗಿ, ಮೆತ್ತಗೆ, ಗಾಳಿಗೆ ಮರೆಯಾಗಿ ಕಾಣುತ್ತದೆ. ಆದರೆ ಹಳ್ಳ ಯಾಕೆ ಹುಟ್ಟಿತು ಎಂದು ಯೋಚಿಸಿ: ಅದು ನೀರಿನ ದಾರಿ. ಡೆತ್ ವ್ಯಾಲಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 5 ಸೆಂಟಿಮೀಟರ್. 2022ರ ಆಗಸ್ಟ್ 5ರಂದು ಅದರಲ್ಲಿ ಮುಕ್ಕಾಲು ಪಾಲು ಒಂದೇ ದಿನ ಸುರಿದು, ಸುಮಾರು 1,000 ಮಂದಿ ಉದ್ಯಾನದೊಳಗೆ ಸಿಕ್ಕಿಬಿದ್ದರು. 2023ರ ಆಗಸ್ಟ್ 20ರಂದು 5.6 ಸೆಂಟಿಮೀಟರ್ ಬಿದ್ದು, ಉದ್ಯಾನ ಸುಮಾರು ಎರಡು ತಿಂಗಳು ಮುಚ್ಚಿತು. ಇವು ಬೇಸಿಗೆಯ ಘಟನೆಗಳು, ನಿಜ. ಆದರೆ ಚಳಿಗಾಲ ಮುಗಿಯುವ ಹೊತ್ತಿಗೂ ಪೆಸಿಫಿಕ್ ಕಡೆಯಿಂದ ಬಿರುಗಾಳಿ ಮಳೆ ಬರುತ್ತದೆ. 2024ರ ಫೆಬ್ರವರಿಯ ಮಳೆಯಿಂದ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲು ಕೆರೆಯೇ ಆಗಿತ್ತು.

ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ದೂರದ ಬೆಟ್ಟದಲ್ಲಿ ಬಿದ್ದ ಮಳೆ ಹಳ್ಳಕ್ಕೆ ಬರಬಹುದು. ಒಣಗಿ ಗಟ್ಟಿಯಾದ ನೆಲ ನೀರನ್ನು ಬೇಗ ಹೀರುವುದಿಲ್ಲ. 30 ಸೆಂಟಿಮೀಟರ್ ಹರಿವ ನೀರು ಹೆಚ್ಚಿನ ಕಾರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ತುಂಬಿದ ಹಳ್ಳ ದಾಟಲು ಹೋಗಿ ಕೊಚ್ಚಿಹೋದವರ ಸುದ್ದಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಡಾರ ಎತ್ತರದಲ್ಲಿರಲಿ, ಹರಿಯುವ ನೀರಿಗೆ ಗಾಡಿ ಇಳಿಸಬೇಡಿ.

ವಸಂತದಲ್ಲಿ ಮಳೆಗಿಂತ ಹೆಚ್ಚಾಗಿ ಕಾಡುವುದು ಗಾಳಿ. ಮೇಲೆ ಹೇಳಿದ ಆ ಕೆರೆಯ ನೀರನ್ನೇ 2024ರ ಫೆಬ್ರವರಿ ಕೊನೆ, ಮಾರ್ಚ್ ಮೊದಲ ದಿನಗಳ ಗಾಳಿ ಸುಮಾರು 3 ಕಿಲೋಮೀಟರ್ ಉತ್ತರಕ್ಕೆ ತಳ್ಳಿತು! ಟ್ರೇಲರ್‌ನ ಚಾವಣಿ ಬಟ್ಟೆ, ಗುಡಾರ ಯಾವ ಲೆಕ್ಕ? ರಾತ್ರಿ ಮಲಗುವ ಮುನ್ನ ಅವನ್ನು ಮಡಚಿಡಿ. ರಸ್ತೆಯಲ್ಲಿ ಧೂಳಿನ ಬಿರುಗಾಳಿ ಎದುರಾಗಿ ಮುಂದಿನದು ಕಾಣದಿದ್ದರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಬ್ರೇಕ್‌ನಿಂದ ಕಾಲು ತೆಗೆಯಿರಿ. ವಿಚಿತ್ರ ಎನಿಸಬಹುದು. ಕಾರಣ ಸರಳ: ಹಿಂದಿನವರು ನಿಮ್ಮ ಕೆಂಪು ದೀಪವನ್ನೇ ದಾರಿ ಎಂದು ತಿಳಿದು ಬಂದು ಗುದ್ದಬಹುದು.

ಹೇಳಿಕೆ 6: ಸಿಗ್ನಲ್ ಇಲ್ಲದಿದ್ದರೂ ತುರ್ತು ಕರೆ ಹೋಗುತ್ತದೆ

ಅರ್ಧ ಸತ್ಯ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಬೇರೆ ಕಂಪನಿಯ ಟವರ್ ಮೂಲಕ ತುರ್ತು ಕರೆ ಹೋಗಬಹುದು. ಯಾವ ಟವರೂ ಇಲ್ಲದ ಕಡೆ 112 ಆಗಲಿ ಅಮೆರಿಕದ 911 ಆಗಲಿ ಹೋಗುವುದಿಲ್ಲ. ಐಫೋನ್ 14 ಮತ್ತು ನಂತರದ ಕೆಲವು ಫೋನ್‌ಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಅದಕ್ಕೆ ಆಕಾಶ ತೆರೆದಿರಬೇಕು, ಬ್ಯಾಟರಿ ಇರಬೇಕು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಕಾಗದದ ನಕ್ಷೆಯೂ ಇರಲಿ. ಗಾಡಿ ಕೆಟ್ಟರೆ ಅದರ ಬಳಿಯೇ ಇರಿ. ಹುಡುಕುವವರಿಗೆ ನಡೆದುಹೋದ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ.

ಮಾರ್ಚ್‌ನ ಬಿಸಿಲಿಗೆ ಹಾವುಗಳೂ ಹೊರಬರುತ್ತವೆ. ಕಚ್ಚಿದರೆ ಗಾಯ ಸೀಳುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ.

ಹೊರಡುವ ಮುನ್ನ

* ತಂಗುವ ಜಾಗದ ಎತ್ತರ ಮತ್ತು ರಾತ್ರಿಯ ಉಷ್ಣತೆ, ಗಾಳಿಯ ಮುನ್ಸೂಚನೆ ನೋಡಿ.
* ಉದ್ಯಾನದ ಅಧಿಕೃತ ಪುಟದಲ್ಲಿ ಯಾವ ರಸ್ತೆ ಮುಚ್ಚಿದೆ ಎಂದು ಅದೇ ದಿನ ಬೆಳಗ್ಗೆ ಪರೀಕ್ಷಿಸಿ.
* ನೀರು ತುಂಬಿದ ಮೇಲೆ ಟ್ರೇಲರ್ ತೂಕ ಹಾಕಿಸಿ, ಟೈರ್ ನೋಡಿ, ಬಿಡಿ ಟೈರ್ ಇದೆಯೇ ಖಚಿತಪಡಿಸಿಕೊಳ್ಳಿ.
* ಪೆಟ್ರೋಲ್ ಅರ್ಧ ಇರುವಾಗಲೇ ತುಂಬಿಸಿ. ಟ್ರೇಲರ್ ಎಳೆಯುವಾಗ ಅದು ಬೇಗ ಮುಗಿಯುತ್ತದೆ.
* ಎಲ್ಲಿ ಹೋಗುತ್ತೀರಿ, ಎಂದು ಮರಳುತ್ತೀರಿ, ಸುದ್ದಿಯಿಲ್ಲದಿದ್ದರೆ ಯಾವಾಗ ಸಹಾಯಕ್ಕೆ ಕರೆ ಮಾಡಬೇಕು ಎಂದು ಮನೆಯಲ್ಲಿ ಉಳಿದವರಿಗೆ ಬರೆದು ಕೊಡಿ.

ಮಾರ್ಚ್‌ನಲ್ಲಿ ಬಿಸಿಲು ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಬಿಸಿಲು ಒಂದೇ ಅಪಾಯ ಎಂದುಕೊಂಡವರು ಚಳಿ, ಗಾಳಿ, ಹಳ್ಳ, ಹೊಗೆ, ಹೊರೆ ಇವುಗಳ ಕಡೆ ನೋಡುವುದೇ ಇಲ್ಲ. ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಹೊರಡುವ ಗೆಳೆಯರು ನಿಮ್ಮ ಗುಂಪಿನಲ್ಲಿದ್ದರೆ, ಕಳ್ಳಿ ನೀರಿನ ವಿಡಿಯೊ ಬದಲು ಮೇಲಿನ ಐದು ಸಾಲುಗಳನ್ನು ಅವರಿಗೆ ಕಳಿಸಿ.