ಮುಖವಿಲ್ಲದವನ ಜಾಡು



ಹೆಸರು ಹೇಳದೆ, ಮುಖ ತೋರಿಸದೆ, ಎಲ್ಲಿಯೋ ಕುಳಿತು ನಮ್ಮ ಮನೆಯ ಹೆಣ್ಣುಮಕ್ಕಳನ್ನು ಬಲೆಗೆ ಬೀಳಿಸುವ ದುಷ್ಟರ ಸುದ್ದಿ ಈಗ ಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸುತ್ತದೆ. ಸುಳ್ಳು ಹೆಸರಿನ ಖಾತೆ, ಸುಳ್ಳು ಭಾವಚಿತ್ರ, ಕೆಲವು ದಿನಗಳ ಸಿಹಿಮಾತು, ಆಮೇಲೆ ಬೆದರಿಕೆ. "ಎಲ್ಲ ಈ ಮೊಬೈಲು ತಂದಿಟ್ಟ ಅನಿಷ್ಟ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಎಂದು ಅಳದಂಗಡಿಯ ಪೇಟೆಯಲ್ಲಿ ಗುರುವಾಯನಕೆರೆಯ ಬಸ್ಸಿಗೆ ಕಾಯುತ್ತ ನಿಂತ ನನ್ನ ವಯಸ್ಸಿನವರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಮಾತನ್ನು ಒಪ್ಪಲು ನನ್ನಿಂದಾಗದು. ಅಂಥವನಿಗೆ ಅಡಗಲು ಜಾಗ ಕೊಡುವುದು ಯಂತ್ರವಲ್ಲ, ನಾವು. ನಮ್ಮ ನಾಚಿಕೆ, ನಮ್ಮ ಮೌನ, ತಪ್ಪಿತಸ್ಥ ಯಾವಾಗಲೂ ಹೊರಗಿನವನೇ ಆಗಿರಬೇಕೆಂಬ ನಮ್ಮ ಹಠ. ಇದಕ್ಕೆ ಪುರಾವೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ; ನಮ್ಮ ಜಿಲ್ಲೆಯಲ್ಲೇ ಇದೆ.

2009ರ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲೂಕಿನ ಒಬ್ಬಳು ಯುವತಿ ಕಾಣೆಯಾದಳು. ಬೇರೆ ಕೋಮಿನ ಹುಡುಗನೊಬ್ಬ ಅವಳನ್ನು ಕರೆದೊಯ್ದಿದ್ದಾನೆಂಬ ಗುಲ್ಲು ಎದ್ದಿತು. ಗುಲ್ಲು ಪ್ರತಿಭಟನೆಯಾಯಿತು, ಪೊಲೀಸರ ಮೇಲೆ ಒತ್ತಡ ಬಂದಿತು. ಒತ್ತಡ ಬಂದದ್ದು ಒಳ್ಳೆಯದೇ ಆಯಿತು; ಆದರೆ ಗುಲ್ಲು ತೋರಿಸಿದ ದಿಕ್ಕು ಪೂರ್ತಿಯಾಗಿ ತಪ್ಪಾಗಿತ್ತು. ಪೊಲೀಸರು ಆ ಯುವತಿಯ ದೂರವಾಣಿ ಕರೆಗಳ ವಿವರವನ್ನು ತರಿಸಿ ನೋಡಿದಾಗ ಅವಳೊಡನೆ ಮಾತನಾಡುತ್ತಿದ್ದ ಸಂಖ್ಯೆ ಇನ್ನೊಬ್ಬ ಯುವತಿಯ ಹೆಸರಿನಲ್ಲಿತ್ತು. ವಿಚಾರಿಸಿದರೆ ಆಕೆಯೂ ಕಾಣೆಯಾಗಿದ್ದಳು. ಆಕೆಯ ಕರೆಗಳ ಬೆನ್ನುಹತ್ತಿದಾಗ ಮತ್ತೊಬ್ಬಳು, ಅವಳೂ ಕಾಣೆ. ಮಡಿಕೇರಿ, ಕಾಸರಗೋಡು, ಪುತ್ತೂರು ಎಂದು ಸರಪಳಿ ಬೆಳೆಯುತ್ತ ಹೋಯಿತು. ಈ ಸಂಖ್ಯೆಗಳೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಮಂಗಳೂರಿನ ಹೊರವಲಯದ ದೇರಳಕಟ್ಟೆಯ ಸುತ್ತಮುತ್ತ ಬಳಕೆಯಾಗಿದ್ದವು. ಅವುಗಳಲ್ಲೊಂದು ಫೋನು ಯುವಕನೊಬ್ಬನ ಕೈಯಲ್ಲಿ ಸಿಕ್ಕಿತು. ಅದನ್ನು ಕೊಟ್ಟವರು ತನ್ನ ಮಾವ ಎಂದು ಅವನು ಹೇಳಿದ. 2009ರ ಅಕ್ಟೋಬರಿನಲ್ಲಿ ಆ ಮಾವ ಸಿಕ್ಕಿಬಿದ್ದ. ಅವನೇ ಬಂಟ್ವಾಳ ತಾಲೂಕಿನ ಕನ್ಯಾನದ ಮೋಹನ ಕುಮಾರ್. ಮುಂದೆ ನಾಡಿಗೆ ನಾಡೇ "ಸಯನೈಡ್ ಮೋಹನ" ಎಂದು ಕರೆದ ವ್ಯಕ್ತಿ.

ಅವನು ಕೊಂದದ್ದು 20 ಹೆಣ್ಣುಮಕ್ಕಳನ್ನು. ಹೆಚ್ಚಿನವರು ಬಡ ಮನೆಗಳವರು, ಮದುವೆಯ ವಯಸ್ಸು ಮೀರುತ್ತಿದೆಯೆಂಬ ಮಾತನ್ನು ದಿನವೂ ಕೇಳುತ್ತಿದ್ದವರು. ಎದುರಿಗಿದ್ದವಳ ಜಾತಿಗೆ ಹೊಂದುವ ಹೆಸರೊಂದನ್ನು ಇಟ್ಟುಕೊಂಡು, ಸರಕಾರಿ ನೌಕರನೆಂದು ನಂಬಿಸಿ, ವರದಕ್ಷಿಣೆ ಬೇಡವೆಂದು ಹೇಳಿದರೆ ಸಾಕಾಗುತ್ತಿತ್ತು. ಇದ್ದಬದ್ದ ಚಿನ್ನವನ್ನು ಧರಿಸಿ ಬರುವಂತೆ ತಿಳಿಸಿ, ಮಡಿಕೇರಿ, ಮೈಸೂರು, ಹಾಸನ, ಬೆಂಗಳೂರು ಮುಂತಾದ ಊರುಗಳ ವಸತಿಗೃಹಕ್ಕೆ ಕರೆದೊಯ್ಯುತ್ತಿದ್ದ. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗರ್ಭ ತಡೆಯುವ ಮಾತ್ರೆಯೆಂದು ವಿಷ ಕೊಟ್ಟು ಶೌಚಾಲಯಕ್ಕೆ ಕಳುಹಿಸಿ, ತಾನು ಕೋಣೆಗೆ ಮರಳಿ ಆಭರಣಗಳೊಂದಿಗೆ ಮಾಯವಾಗುತ್ತಿದ್ದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಪ್ರಕರಣಗಳಲ್ಲಿ ಅವನನ್ನು ದೋಷಿಯೆಂದಿತು. ಕೊನೆಯ, ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್ ತಿಂಗಳಲ್ಲಿ.

ಈ ಕಥೆ ಅನೇಕರಿಗೆ ಗೊತ್ತು. ಆದರೆ ಅದನ್ನು ನಾವು ಹೇಳಿಕೊಳ್ಳುವ ಬಗೆಯಲ್ಲಿ ಒಂದು ಕೊರತೆಯಿದೆ. ಕೊಲೆಗಾರನ ಜಾಣತನವನ್ನು ಬಣ್ಣಿಸುತ್ತೇವೆ. ಅವನು ಅಷ್ಟು ವರ್ಷ ಸಿಕ್ಕಿಬೀಳದೆ ಇದ್ದುದು ಹೇಗೆಂದು ಕೇಳಿಕೊಳ್ಳುವುದಿಲ್ಲ. ಅವನಲ್ಲಿ ಅಂತಹ ಜಾಣತನವೇನೂ ಇರಲಿಲ್ಲ. ಒಂದೇ ರೀತಿ, ಒಂದೇ ಬಗೆಯ ಮಾತು, ಒಂದೇ ಬಗೆಯ ಬಸ್ ನಿಲ್ದಾಣ. ಸತ್ತವಳ ಫೋನನ್ನು ಅವನು ಎಸೆಯುತ್ತಲೂ ಇರಲಿಲ್ಲ. ಅದರಿಂದಲೇ ಮುಂದಿನವಳಿಗೆ ಕರೆ ಮಾಡುತ್ತಿದ್ದ. ಮೊದಲ ಎರಡು ಮೂರು ಸಾವುಗಳನ್ನು ಯಾರಾದರೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ಸಾಕಾಗಿತ್ತು. ಹಾಗೆ ಆಗಲಿಲ್ಲ. ಘಟ್ಟದ ಮೇಲಿನ ಊರಿನ ಠಾಣೆಯಲ್ಲಿ ಅದು ಗುರುತು ಸಿಗದ ಹೆಂಗಸಿನ ಅಸ್ವಾಭಾವಿಕ ಮರಣ; ಘಟ್ಟದ ಕೆಳಗಿನ ಹಳ್ಳಿಯಲ್ಲಿ ಅದು ಓಡಿಹೋದ ಹುಡುಗಿಯ ಅವಮಾನ. ಒಂದು ಕಡೆ ಹೆಸರಿಲ್ಲದ ಹೆಣ, ಇನ್ನೊಂದು ಕಡೆ ಹೆಣವಿಲ್ಲದ ಹೆಸರು. ಇವೆರಡನ್ನೂ ಸೇರಿಸಬೇಕಾದ ದಾರಿಯಲ್ಲಿ ಅಡ್ಡ ನಿಂತದ್ದು ನಮ್ಮ ಮರ್ಯಾದೆಯ ಭಯ. ಮಗಳು ಯಾರೊಂದಿಗೋ ಹೋದಳೆಂದು ತಿಳಿದ ಮನೆಯವರು ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಹತ್ತಿದರೂ ಎಲ್ಲವನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಹಿಂಜರಿಕೆಯನ್ನು ಕೊಲೆಗಾರ ನಮಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಇನ್ನೊಂದು ಸಂಗತಿ ನನ್ನನ್ನು ಬೇರೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತದೆ. ಊರವರ ಸಂಶಯ ಬೇರೆ ಕೋಮಿನ ಮೇಲೆ ಹರಿದಾಡುತ್ತಿದ್ದಾಗ, ಕೈಗೆ ಸಿಕ್ಕವನು ಯಾರು? ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕನಾಗಿದ್ದವನು. ಮಕ್ಕಳು "ಮಾಸ್ಟ್ರೇ" ಎಂದು ಕೈಮುಗಿದಿರಬಹುದಾದವನು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದರ ಅರ್ಥ ಅಷ್ಟು ಕಟುವಾಗಿ ಮನಸ್ಸಿಗೆ ನಾಟಿದ್ದು ಆ ವರ್ಷ. ಅಧ್ಯಾಪಕನೆಂಬ ಗೌರವ, ನೆಂಟನೆಂಬ ಸಲುಗೆ, ಪರಿಚಿತನೆಂಬ ವಿಶ್ವಾಸ ಇವೆಲ್ಲ ಕೆಟ್ಟವುಗಳಲ್ಲ. ಆದರೆ ಅವು ಯಾರನ್ನೂ ವಿಚಾರಣೆಯಿಂದ ಹೊರಗಿಡುವ ರಹದಾರಿ ಆಗಬಾರದು.

ಈಗ ಇಂದಿನ ಕಾಲಕ್ಕೆ ಬರೋಣ. ಅಂದಿನ ಫೋನ್ ಕರೆಯ ಜಾಗದಲ್ಲಿ ಇಂದು ಇನ್‌ಸ್ಟಾಗ್ರಾಂ, ವಾಟ್ಸಾಪ್, ಟೆಲಿಗ್ರಾಂ ಇವೆ. ವಸತಿಗೃಹಕ್ಕೆ ಕರೆದೊಯ್ಯಬೇಕಾದ ಕಷ್ಟವೂ ಇಲ್ಲ. ಒಂದು ಭಾವಚಿತ್ರ ಕೈಗೆ ಬಂದರೆ ಅದನ್ನು ತಿರುಚಿ ಬೆದರಿಸಬಹುದು. ಆದರೂ ಜಾಡು ಹಿಡಿಯುವ ವಿದ್ಯೆಯ ಮೂಲತತ್ವ ಬದಲಾಗಿಲ್ಲ. ಜಾಲಕ್ಕೆ ಹೊಕ್ಕ ಪ್ರತಿಯೊಬ್ಬನಿಗೂ ಆ ಹೊತ್ತಿಗೆ ಐ.ಪಿ. ವಿಳಾಸವೆಂಬ ಒಂದು ಸಂಖ್ಯೆ ದೊರೆಯುತ್ತದೆ. ಖಾತೆ ತೆರೆದ ಮೊಬೈಲ್ ಸಂಖ್ಯೆ, ಮಿಂಚಂಚೆ, ಒಳಹೊಕ್ಕ ವೇಳೆ ಇವೆಲ್ಲ ಸಂಸ್ಥೆಯ ದಾಖಲೆಯಲ್ಲಿ ಉಳಿಯುತ್ತವೆ. ಪೊಲೀಸರು ಮೊದಲು ಆ ಸಂಸ್ಥೆಯನ್ನು, ಆಮೇಲೆ ದೂರವಾಣಿ ಕಂಪೆನಿಯನ್ನು ಕೇಳಿ, ಆ ಕ್ಷಣದಲ್ಲಿ ಆ ವಿಳಾಸ ಯಾರ ಪಾಲಿಗಿತ್ತೆಂದು ತಿಳಿದುಕೊಳ್ಳುತ್ತಾರೆ. ಮೊಬೈಲ್ ಜಾಲದಲ್ಲಿ ಒಂದೇ ವಿಳಾಸವನ್ನು ಏಕಕಾಲದಲ್ಲಿ ಅನೇಕರು ಹಂಚಿಕೊಂಡಿರುತ್ತಾರಾದ್ದರಿಂದ ಸಂದೇಶ ಬಂದ ವೇಳೆ ನಿಖರವಾಗಿ ಗೊತ್ತಿರಬೇಕು. ಇಂಥ ದಾಖಲೆಗಳು ಶಾಶ್ವತವೂ ಅಲ್ಲ. ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ 2022ರ ಏಪ್ರಿಲಿನಲ್ಲಿ ಹೊರಡಿಸಿದ ಆದೇಶದಂತೆ ಕಂಪೆನಿಗಳು ತಮ್ಮ ಗಣಕಗಳ ದಾಖಲೆಯನ್ನು 180 ದಿನ ಕಾಯ್ದಿಡಬೇಕು. ಆಮೇಲೆ ಅದು ಸಿಗುತ್ತದೆಂಬ ಭರವಸೆ ಇಲ್ಲ. ಎಂದರೆ ನಮ್ಮ ಮೌನದ ಪ್ರತಿಯೊಂದು ದಿನವೂ ಅಪರಾಧಿಯ ಲೆಕ್ಕಕ್ಕೆ ಜಮೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ತಾಯಿಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಪಿಯುಸಿ ಓದುತ್ತಿದ್ದ ಮಗಳಿಗೆ ಹೆಸರಿಲ್ಲದ ಖಾತೆಯಿಂದ ಬೆದರಿಕೆ. ಹುಡುಗಿ ಊಟ ಬಿಟ್ಟಿದ್ದಳು. ಮನೆಯಲ್ಲಿ ತಂದೆ ಆಗಲೇ ತೀರ್ಮಾನ ಮಾಡಿಯಾಗಿತ್ತು: ಮೊಬೈಲ್ ಒಡೆದು ಹಾಕುವುದು, ಕಾಲೇಜು ಬಿಡಿಸುವುದು, ಬೇಗನೆ ಗಂಡು ನೋಡುವುದು. "ಸರ್, ನೀವೊಮ್ಮೆ ಅವರಿಗೆ ಹೇಳಿ" ಎಂದು ತಾಯಿ ಕಣ್ಣೀರಿಟ್ಟರು. ನಾನು ತಂದೆಯನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: "ಕಳ್ಳ ಮನೆಗೆ ನುಗ್ಗಿದರೆ ನೀವು ಅವನ ಹೆಜ್ಜೆಗುರುತನ್ನು ಗುಡಿಸಿ ಹಾಕುತ್ತೀರೋ, ಇಲ್ಲ ನಾಲ್ಕು ಜನರಿಗೆ ತೋರಿಸುತ್ತೀರೋ?" ಅವರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಮೊಬೈಲ್ ಉಳಿಯಿತು, ಸಂದೇಶಗಳು ಉಳಿದವು, ದೂರು ದಾಖಲಾಯಿತು. ಸಿಕ್ಕಿದವನು ದೂರದ ಊರಿನವನಾಗಿರಲಿಲ್ಲ. ಆ ಮನೆಯ ಸಮಾರಂಭಗಳಲ್ಲಿ ಊಟ ಬಡಿಸಿದವನೇ ಆಗಿದ್ದ. ಹುಡುಗಿ ಓದು ಮುಂದುವರಿಸಿದಳು. ಇದಕ್ಕಿಂತ ಹೆಚ್ಚಿನ ವಿವರವನ್ನು ಬರೆಯುವುದು ಸಲ್ಲದು.

ಹಾಗಾದರೆ ಊರವರೇ ಸೇರಿ ಅಂಥವನನ್ನು ಹಿಡಿದು ಬುದ್ಧಿ ಕಲಿಸಬಾರದೇಕೆ ಎಂದು ಬಿಸಿರಕ್ತದ ಹುಡುಗರು ಕೇಳುವುದುಂಟು. ಅವರಿಗೆ ನಾನು ಬೀದರ್ ಜಿಲ್ಲೆಯ ಮುರ್ಕಿಯನ್ನು ನೆನಪಿಸುತ್ತೇನೆ. 2018ರ ಜುಲೈ 13ರಂದು ಆ ದಾರಿಯಾಗಿ ಕಾರಿನಲ್ಲಿ ಹೊರಟಿದ್ದ ಕೆಲವು ಗೆಳೆಯರಲ್ಲಿ ಒಬ್ಬರು ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶ ವಾಟ್ಸಾಪಿನಲ್ಲಿ ಹರಡಿತು. ಜನ ರಸ್ತೆಗೆ ಅಡ್ಡಹಾಕಿದರು. ತಡೆಯಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದಿತು. ಹೈದರಾಬಾದಿನ ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡ. ಅವನು ಯಾವ ಮಗುವನ್ನೂ ಕದ್ದವನಲ್ಲ. ಅಲ್ಲಿ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಎಷ್ಟೋ ಮಂದಿ ತಾವು ಊರಿನ ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದಿರಬೇಕು. ಬಂಟ್ವಾಳದ ಗುಲ್ಲಿಗೂ ಮುರ್ಕಿಯ ಗುಲ್ಲಿಗೂ ಬೇರು ಒಂದೇ: ಪುರಾವೆಗಿಂತ ಮೊದಲು ಅಪರಾಧಿಯನ್ನು ಆರಿಸಿಕೊಂಡುಬಿಡುವುದು. ಬಂಟ್ವಾಳದಲ್ಲಿ ಕರೆಗಳ ದಾಖಲೆ ಅದಕ್ಕೆ ತಡೆಹಾಕಿತು. ಮುರ್ಕಿಯಲ್ಲಿ ಅದಕ್ಕೆ ಯಾರೂ ಸಮಯ ಕೊಡಲಿಲ್ಲ.

ಆದ್ದರಿಂದ ಜಾಡು ಹಿಡಿಯುವ ಕೆಲಸ ಪೊಲೀಸರದು. ಜಾಡು ಅಳಿಸಿಹೋಗದಂತೆ ನೋಡಿಕೊಳ್ಳುವ ಕೆಲಸ ನಮ್ಮದು. ಬೆದರಿಕೆಯ ಸಂದೇಶವನ್ನು ಅಳಿಸಬಾರದು. ಕಳುಹಿಸಿದವನ ಖಾತೆಯ ಹೆಸರು, ದಿನಾಂಕ, ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಆ ಚಿತ್ರವಷ್ಟೇ ಸಾಲದು, ಮೂಲ ಸಂದೇಶವಿರುವ ಮೊಬೈಲೂ ಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇಂತಹ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಬೆದರಿಸಿದವನಿಗೆ ಹಣ ಕೊಡಬಾರದು, ಕೊಟ್ಟರೆ ಅವನು ಮತ್ತೆ ಬರುತ್ತಾನೆ. ಹಣ ಹೋಗಿಬಿಟ್ಟಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮಕ್ಕಳ ಸಹಾಯಕ್ಕೆ 1098 ಇದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರ ಮತ್ತು ಮಕ್ಕಳ ಮೇಲಿನ ಅಪರಾಧಗಳ ಬಗ್ಗೆ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಘಟ್ಟದ ಮೇಲಿನ ಸಾವೂ ಘಟ್ಟದ ಕೆಳಗಿನ ನಾಪತ್ತೆಯೂ ಪರಸ್ಪರ ಅರಿಯದೆ ಉಳಿದ ಕಥೆಯನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ನನ್ನ ವೃತ್ತಿಬಾಂಧವರಿಗೆ ಒಂದು ಮಾತು. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ಇಂತಹ ಅಪರಾಧ ನಡೆದಿದೆಯೆಂದು ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಡುವ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. "ಶಾಲೆಯ ಹೆಸರು ಹಾಳಾಗುತ್ತದೆ" ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಅದೇ ಕಾಯಿದೆ ಮಗುವಿನ ಗುರುತನ್ನು ಬಹಿರಂಗಪಡಿಸದಂತೆ ಪತ್ರಿಕೆಗಳನ್ನೂ ಕಟ್ಟಿಹಾಕಿದೆ. ಮರ್ಯಾದೆಗೆ ಅಂಜುವ ತಂದೆತಾಯಿಗಳಿಗೆ ನಾವು ಮೊದಲು ಹೇಳಬೇಕಾದದ್ದು ಇದನ್ನೇ.

ಕಾನೂನು, ಸಹಾಯವಾಣಿ, ದಾಖಲೆ ಇವೆಲ್ಲ ಕೆಲಸ ಮಾಡಲು ಆರಂಭಿಸುವುದು ಮನೆಯ ಜಗಲಿಯಲ್ಲಿ ನಡೆಯುವ ಒಂದು ಸಣ್ಣ ಘಟನೆಯಿಂದ: ಹೆದರಿದ ಮಗಳು ಬಾಯಿ ಬಿಡುವುದು. ಅವಳು ಬಾಯಿ ಬಿಟ್ಟಾಗ ನಾವು ಆಡುವ ಮೊದಲ ಮಾತು "ನೀನೇಕೆ ಅವನೊಡನೆ ಮಾತನಾಡಿದೆ?" ಎಂದಾದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ. ಆ 20 ಮನೆಗಳ ಹೆಣ್ಣುಮಕ್ಕಳಲ್ಲಿ ಒಬ್ಬಳಿಗಾದರೂ, ಮನೆಯಲ್ಲಿ ಬೈಗುಳ ಸಿಗದೆಂಬ ಧೈರ್ಯವಿದ್ದು, ತನಗೆ ಬಂದ ಸಂಬಂಧವನ್ನು ಅಮ್ಮನಿಗೋ ಅಕ್ಕನಿಗೋ ಹೇಳಿ "ಇವರು ಹೇಳಿದ ಊರಲ್ಲಿ ಒಮ್ಮೆ ವಿಚಾರಿಸಿ ನೋಡಿ" ಎಂದು ಕೇಳುವಂತಿದ್ದಿದ್ದರೆ ಆ ಸುಳ್ಳು ಹೆಸರು ಒಂದು ದಿನವೂ ಬಾಳುತ್ತಿರಲಿಲ್ಲ.