ಕಾರಂಜಿಯ ಕಪ್ಪೆಗಳು

ಫ್ರಾನ್ಸ್ ದೇಶದ ವರ್ಸೇಲ್ಸ್ ಅರಮನೆಯ ಉದ್ಯಾನದಲ್ಲಿ ಲಟೋನಾ ಎಂಬ ದೇವತೆಯ ಹೆಸರಿನ ಕಾರಂಜಿಯೊಂದಿದೆ. ಎರಡು ಹಸುಗೂಸುಗಳೊಡನೆ ಬಾಯಾರಿ ಬಂದ ಆಕೆಗೆ ಲಿಸಿಯಾ ನಾಡಿನ ರೈತರು ಕೊಳದ ನೀರನ್ನು ಕುಡಿಯಗೊಡದೆ ಕೆಸರು ಕದಡಿದರಂತೆ. ಆಕೆಯ ಶಾಪದಿಂದ ಕಪ್ಪೆಗಳಾದರಂತೆ. ರೋಮನ್ ಕವಿ ಓವಿಡ್ ಹೇಳಿದ ಈ ಕಥೆಯನ್ನು ಮಾರ್ಸಿ ಸಹೋದರರು 1668ರಿಂದ 1670ರ ಅವಧಿಯಲ್ಲಿ ಶಿಲ್ಪವಾಗಿಸಿದರು. ಕೆಲವರ ಮುಖ ಆಗಲೇ ಕಪ್ಪೆಯದು, ಮೈ ಇನ್ನೂ ಮನುಷ್ಯರದು. ತೆರೆದ ಬಾಯಿಗಳಿಂದ ನೀರು ಚಿಮ್ಮುತ್ತದೆ. ನೋಡಿದವರು ನಗಬೇಕೋ ಮರುಗಬೇಕೋ ತಿಳಿಯದು!

ಲಟೋನೆಯ ಮಗನೇ ಅಪೋಲೋ. ಸೂರ್ಯರಾಜನೆನಿಸಿಕೊಂಡ ಹದಿನಾಲ್ಕನೆಯ ಲೂಯಿ ಆ ದೇವನನ್ನೇ ತನ್ನ ಸಂಕೇತವಾಗಿ ಆರಿಸಿಕೊಂಡಿದ್ದನು. ಕಪ್ಪೆಗಳೆಂದರೆ ಅವನ ಬಾಲ್ಯದಲ್ಲಿ ದಂಗೆಯೆದ್ದವರೆಂದು ಕೆಲವರ ಮತ. ಅಲ್ಲವೆಂದು ಬೇರೆ ವಿದ್ವಾಂಸರ ವಾದ. ಯಾವುದೇ ಇರಲಿ, ನೀರನ್ನು ತಡೆದವರಿಗೆ ಶಿಕ್ಷೆ ಎಂಬುದಂತೂ ಶಿಲ್ಪದಲ್ಲಿ ಸ್ಪಷ್ಟ.

ಆದರೆ ಶಿಲ್ಪವನ್ನಷ್ಟೇ ಓದಿದರೆ ಸಾಲದು, ಅದರ ನೀರನ್ನೂ ಓದಬೇಕು. ವರ್ಸೇಲ್ಸಿನಲ್ಲಿ ನೀರಿಗೆ ಸದಾ ಕೊರತೆ. ದೊರೆ ಸಮೀಪಿಸಿದಾಗ ಸೇವಕರು ಸಿಳ್ಳೆಯಿಂದ ಸೂಚನೆ ಕೊಟ್ಟು ಕಾರಂಜಿಯನ್ನು ತೆರೆಯುತ್ತಿದ್ದರು. ಅವನು ಮುಂದೆ ಸಾಗಿದೊಡನೆ ಮುಚ್ಚುತ್ತಿದ್ದರು. 1684ರಲ್ಲಿ ಸೇನ್ ನದಿಯ ಮೇಲೆ 14 ಭಾರಿ ಚಕ್ರಗಳ ಯಂತ್ರ ತಿರುಗತೊಡಗಿತು. ಅದೂ ಸಾಲದಾಯಿತು. ದೂರದ ಯೂರ್ ನದಿಯನ್ನು ತಿರುಗಿಸಿ ತರಲೆಂದು ಸಾವಿರಾರು ಸೈನಿಕರಿಗೆ ಗುದ್ದಲಿ ಹಿಡಿಸಲಾಯಿತು. ಜ್ವರದಿಂದ ಅನೇಕರು ಮಡಿದರು. 1688ರಲ್ಲಿ ಯುದ್ಧ ಬಂದಿತು, ಕೆಲಸ ನಿಂತಿತು. ಯೂರ್ ನದಿಯ ನೀರು ಉದ್ಯಾನವನ್ನು ಮುಟ್ಟಲೇ ಇಲ್ಲ. ಅಹಂಕಾರಿಗಳಾದ ರೈತರಿಗೆ ಶಿಲ್ಪದಲ್ಲಿ ಸ್ಥಾನ ದೊರೆಯಿತು. ಈ ಸೈನಿಕರಿಗೆ ಆ ಕಾರಂಜಿಯಲ್ಲಿ ಒಂದು ಮೂಲೆಯೂ ದೊರೆಯಲಿಲ್ಲ. ಮೇಂಟೆನಾನ್ ಎಂಬಲ್ಲಿ ಅವರು ಅರ್ಧಕ್ಕೆ ಬಿಟ್ಟ ಮೇಲ್ಗಾಲುವೆಯ ಕಮಾನುಗಳು ಇಂದಿಗೂ ನಿಂತಿವೆ.